ನೊರೆಯಾಚೆಗಿನ ಯಮುನೆ

ಛಠ್ ಹಬ್ಬ ಬಂತೆಂದರೆ ದೆಹಲಿಯ ಪತ್ರಿಕೆಗಳಲ್ಲಿ ಯಮುನೆಯದು ಒಂದೇ ಚಿತ್ರ: ಕಾಲಿಂದಿ ಕುಂಜ್‌ನಲ್ಲಿ ರಾಶಿರಾಶಿ ಬಿಳಿನೊರೆ, ನಡುವೆ ಬಣ್ಣದ ಸೀರೆಯುಟ್ಟ ಹೆಂಗಸರು, ಎದುರಿಗೆ ಸೂರ್ಯ. ಚಿತ್ರ ಚೆಂದವಾಗಿಯೇ ಇರುತ್ತದೆ. ನನ್ನ ತಕರಾರು ಆ ಚೆಂದದ ಮೇಲೆಯೇ. ಸೋಪಿನ ಪುಡಿ ಬೆರೆತ ಚರಂಡಿ ನೀರು ಶುದ್ಧವಾಗದೆ ಹರಿದು ಬಂದು, ಓಖ್ಲಾ ಬ್ಯಾರೇಜಿನಿಂದ ಧುಮುಕುವಾಗ ಏಳುವ ನೊರೆ ಅದು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ಕಂಡ ನಮಗೆ ಬಿಡಿಸಿ ಹೇಳಬೇಕಿಲ್ಲ. ಇಂಥ ಚಿತ್ರ ನೋಡುವವನ ಕಾಲು ಮಾತ್ರ ಒದ್ದೆಯಾಗುವುದಿಲ್ಲ.

ಕಲಾವಿದ ಅತುಲ್ ಭಲ್ಲಾ ಬೇರೆ ದಾರಿ ಹಿಡಿದರು. 2005ರ ಛಾಯಾಚಿತ್ರ ಸರಣಿಯೊಂದರಲ್ಲಿ ತಾವೇ ಯಮುನೆಗೆ ಇಳಿದಿದ್ದಾರೆ. ಚಿತ್ರದಿಂದ ಚಿತ್ರಕ್ಕೆ ಅವರ ತಲೆ ನೀರೊಳಗೆ ಮರೆಯಾಗುತ್ತ ಹೋಗುತ್ತದೆ. ಇದು ಮೀಯುವುದೋ, ಮುಳುಗಿಹೋಗುವುದೋ? ಕಾವೇರಿಯಲ್ಲಿ ಮೂಗು ಹಿಡಿದು ಮೂರು ಮುಳುಗು ಹಾಕಿದ ನಮಗೆ ಆ ಭಂಗಿಯ ಗುರುತಿದೆ. ಆದರೆ ಈ ನೀರಿನಲ್ಲಿ ಆಚಮನ ಮಾಡುವ ಧೈರ್ಯ ಯಾರಿಗುಂಟು? ಮಾಲಿನ್ಯದ ಬಗ್ಗೆ ನಾನು ಓದಿದ ಯಾವ ವರದಿಯೂ ನನ್ನನ್ನು ಇಷ್ಟು ಮುಜುಗರಕ್ಕೆ ತಳ್ಳಿಲ್ಲ.

ಅವರು ದೆಹಲಿಯ ಪ್ಯಾವುಗಳನ್ನೂ ಚಿತ್ರಿಸಿದ್ದಾರೆ; ನಮ್ಮ ಅರವಟ್ಟಿಗೆಗಳೇ ಅನ್ನಿ. ದಾರಿಹೋಕರ ಬಾಯಾರಿಕೆಗೆಂದು ಪುಣ್ಯಕ್ಕೆ ಕಟ್ಟಿಸಿದ ಸಣ್ಣ ಕಟ್ಟೆಗಳು. ಹಿರಿಯರು ಬಿಟ್ಟುಹೋದ ಜಲಪರಂಪರೆ ಎಂದರೆ ಕಲ್ಲಿನ ಕೆತ್ತನೆಯನ್ನಷ್ಟೇ ನೆನೆಯುವವರು ಈ ಸರಣಿಯನ್ನು ನೋಡಬೇಕು. ನೀರು ಕೊಡುವ ರೂಢಿಯೇ ನನಗೆ ದೊಡ್ಡದಾಗಿ ಕಾಣುತ್ತದೆ.

ಇನ್ನು ಕನಾಟ್ ಪ್ಲೇಸ್ ಪಕ್ಕದ ಅಗ್ರಸೇನ್ ಕಿ ಬಾವ್ಲಿ. ನೂರಕ್ಕೂ ಹೆಚ್ಚು ಮೆಟ್ಟಿಲುಗಳ ಬಾವಿ. ಛಾಯಾಗ್ರಾಹಕ ರಘು ರೈ ಅವರ 1970ರ ದಶಕದ ಕಪ್ಪುಬಿಳುಪು ಚಿತ್ರದಲ್ಲಿ ಹುಡುಗನೊಬ್ಬ ಅದರೊಳಕ್ಕೆ ಹಾರಿದ್ದಾನೆ, ದೇಹ ಇನ್ನೂ ಗಾಳಿಯಲ್ಲಿದೆ. ಕಮಾನುಗಳ ಬೆನ್ನಿಗೆ ನಗರದ ಬಹುಮಹಡಿ ಕಟ್ಟಡಗಳು. ಈಗ ಸೆಲ್ಫಿಗೆಂದು ಅಲ್ಲಿ ಮೆಟ್ಟಿಲಿಳಿಯುವವರಿಗೆ ಹೇಳಿ ನೋಡಿ, ಇಲ್ಲಿ ಈಜುತ್ತಿದ್ದರೆಂದರೆ ನಂಬುವುದು ಕಷ್ಟ.

ಯಮುನೆಯನ್ನು ಕೊಳಕೆಂದು ಬೈಯುವುದಕ್ಕಾದರೂ ನೆನೆಯುತ್ತೇವೆ. ಸಾಹಿಬಿ ನದಿಯ ಹೆಸರು ಈ ಸಭೆಯಲ್ಲಿ ಎಷ್ಟು ಜನ ಕೇಳಿದ್ದೀರಿ? ರಾಜಸ್ಥಾನದ ಅರಾವಳಿಯಲ್ಲಿ ಹುಟ್ಟಿ ಹರಿಯಾಣ ದಾಟಿ ಬರುವ ಆ ನದಿಯನ್ನು ದೆಹಲಿಯಲ್ಲಿ ನಜಫ್‌ಗಢ ನಾಲೆ ಎನ್ನುತ್ತೇವೆ. ವಜೀರಾಬಾದ್ ಬ್ಯಾರೇಜಿನ ಕೆಳಗೆ ಅದು ಯಮುನೆಗೆ ಸೇರುತ್ತದೆ. ನಗರದಿಂದ ಯಮುನೆಗೆ ಬರುವ ಹೊಲಸಿನ ದೊಡ್ಡ ಪಾಲು ಅದರದೇ. ಸೇತುವೆ ದಾಟುವಾಗ ಮೂಗು ಮುಚ್ಚಿಕೊಳ್ಳುತ್ತೇವಲ್ಲ, ಅದೇ ನಾಲೆ.

ಭಲ್ಲಾ 2007ರಲ್ಲಿ ಯಮುನೆಯ ದಡ ಹಿಡಿದು ಕ್ಯಾಮೆರಾದೊಂದಿಗೆ ನಡೆದರು. ನಮ್ಮ ಯುವ ಛಾಯಾಗ್ರಾಹಕರಲ್ಲಿ ಯಾರಾದರೂ ಹಾಗೆಯೇ ಈ ನಾಲೆಯ ದಂಡೆ ಹಿಡಿದು, ವಜೀರಾಬಾದಿನಿಂದ ಹಿಮ್ಮುಖವಾಗಿ ಅರಾವಳಿಯವರೆಗೆ ನಡೆಯಲಿ ಎಂಬುದು ನನ್ನಾಸೆ. ಆ ಚಿತ್ರಗಳ ಪ್ರದರ್ಶನಕ್ಕೆ ನಮ್ಮ ಈ ಸಭಾಂಗಣವೇ ಸಾಕು.