ವೇಣುಪುರವೆಂಬ ಮೂಡಬಿದಿರೆ
(ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಭಾಷಣ)

 

ತುಳುನಾಡಿನ ಒಂದು ಸಣ್ಣ ಊರಿನ ವಿಷಯವನ್ನು ತಮ್ಮಲ್ಲಿ ಬಿನ್ನವಿಸಿಕೊಳ್ಳುವೆನು. ಆ ಊರು ಮೂಡಬಿದಿರೆ. ಅದು ನಮ್ಮ ಮತದವರ ಕ್ಷೇತ್ರವಲ್ಲ. ಜೈನರು ಅದನ್ನು ಜೈನಕಾಶಿಯೆಂದು ಕರೆಯುವರು. ಆದರೆ ಹಿರಿಯರು ಒಪ್ಪಿಸಿದುದನ್ನು ಕಾಪಾಡುವುದು ಹೇಗೆ ಎಂಬ ಪ್ರಶ್ನೆಯು ಮಠವುಳ್ಳವರೆಲ್ಲರದೂ ಆಗಿರುವುದು. ಆದುದರಿಂದಲೇ ಈ ವಿಷಯವನ್ನು ಆರಿಸಿಕೊಂಡೆನು.

ಮೊದಲು ನೆಲದ ಸ್ಥಿತಿಯನ್ನು ನೋಡೋಣ. ಮೂಡಬಿದಿರೆಯು ಮಂಗಳೂರಿನಿಂದ ಈಶಾನ್ಯಕ್ಕೆ ಸುಮಾರು 35 ಕಿಲೋಮೀಟರು ದೂರದಲ್ಲಿರುವುದು. ಬಿದಿರು ಬೆಳೆದ ನಾಡಾದುದರಿಂದ ಆ ಹೆಸರು. ಸಂಸ್ಕೃತದಲ್ಲಿ ವೇಣುಪುರ, ವಂಶಪುರ ಎಂದೂ ಹೇಳುವರು. ಅದರ ದಕ್ಷಿಣಕ್ಕೆ ನೇತ್ರಾವತಿಯ ದಡದಲ್ಲಿ ಬಂಟವಾಳ. ಬಂಟವಾಳಕ್ಕೆ ಹೊಳೆಯೇ ಸಂಪತ್ತು. ರಸ್ತೆಗಳು ಬಲಿಯುವ ಮುನ್ನ ಸರಕು ಹೇರಿದ ದೋಣಿಗಳು ಅಲ್ಲಿಂದ ಮಂಗಳೂರಿಗಿಳಿಯುತ್ತಿದ್ದುವು. ಅದೇ ಹೊಳೆಯು 1923ರಲ್ಲಿಯೂ 1974ರಲ್ಲಿಯೂ ಉಕ್ಕಿ ಪೇಟೆಯನ್ನು ಮುಳುಗಿಸಿತು. ಪೂರ್ವಕ್ಕೆ ಘಟ್ಟದ ಬುಡದಲ್ಲಿ ಬೆಳ್ತಂಗಡಿ. ಅದರ ಸಮೀಪದ ಹೆಬ್ಬಂಡೆಯ ಮೇಲೆ ಟಿಪ್ಪು ಸುಲ್ತಾನನು 1794ರಲ್ಲಿ ಜಮಾಲಾಬಾದಿನ ಕೋಟೆಯನ್ನು ಕಟ್ಟಿಸಿದನು. ಆ ಸೀಮೆಯ ವೇಣೂರಿನಲ್ಲಿ 1604ರಲ್ಲಿ ಅಜಿಲರ ಅರಸು ತಿಮ್ಮಣ್ಣನು ಗೊಮ್ಮಟನನ್ನು ನಿಲ್ಲಿಸಿದನು. ಮೂಡಬಿದಿರೆಗಾದರೋ ದೋಣಿ ನಡೆಯುವ ಹೊಳೆಯಿಲ್ಲ, ಗಿರಿದುರ್ಗವಿಲ್ಲ. ಮುರಕಲ್ಲಿನ ದಿಣ್ಣೆಗಳು, ನಡುವೆ ಕೆರೆಗಳು, ಗದ್ದೆಗಳು, ಇಷ್ಟೇ. ಆ ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುವರು. ತಗ್ಗಿನ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ, ಮಜಲಿನಲ್ಲಿ ಎರಡು, ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಒಂದೇ.

ಇಂಥ ನೆಲದಲ್ಲಿ ಹದಿನೆಂಟು ಬಸದಿಗಳು ಎದ್ದುದು ಹೇಗೆ? ವ್ಯಾಪಾರದಿಂದ. ಘಟ್ಟಕ್ಕೂ ಕಡಲಿಗೂ ನಡುವಣ ಈ ಊರಿನಲ್ಲಿ ಜೈನ ಸೆಟ್ಟಿಗಳು ನೆಲಸಿ ಗಳಿಸಿದರು. ಗಳಿಸಿದುದನ್ನು ಕಲ್ಲಿಗೆ ಸುರಿದರು. ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ, ಕ್ರಿ. ಶ. 1430ರಲ್ಲಿ, ತ್ರಿಭುವನತಿಲಕ ಚೂಡಾಮಣಿ ಬಸದಿಯು ಸಿದ್ಧವಾಯಿತು. ಇದನ್ನೇ ಜನರು ಸಾವಿರ ಕಂಬದ ಬಸದಿ ಎನ್ನುವರು. ಮೂರು ನೆಲೆಯ ಆ ಕಟ್ಟಡದ ಭೈರಾದೇವಿ ಮಂಟಪದ ಅಡಿಗಟ್ಟಿನಲ್ಲಿ ಜಿರಾಫೆಯನ್ನೂ ಚೀನದೇಶದ ಸರ್ಪದಂಥ ಪ್ರಾಣಿಯನ್ನೂ ಕೊರೆದಿರುವರು. ಕಡಲಾಚೆಯ ಸುದ್ದಿಯು ಈ ಒಳನಾಡಿನ ಶಿಲ್ಪಿಯ ಉಳಿಯವರೆಗೆ ಬಂದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಪುತ್ತಿಗೆಯಿಂದ ಬಂದ ಚೌಟರು ಇಲ್ಲಿ ಅರಮನೆಯನ್ನು ಕಟ್ಟಿಕೊಂಡರು. ಅದರ ಮರದ ಕಂಬಗಳ ಮೇಲಿನ ನವನಾರೀಕುಂಜರ, ಪಂಚನಾರೀತುರಗಗಳು ಪ್ರಸಿದ್ಧವಾಗಿರುವುವು. ಅಳಿಯಸಂತಾನದ ಆ ಕುಲದಲ್ಲಿಯೇ ಪೋರ್ಚುಗೀಸರನ್ನೆದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕನು ಜನಿಸಿದಳು. ಮುಂದೆ ವೀರಶೈವರಾದ ಕೆಳದಿಯ ನಾಯಕರು ತುಳುನಾಡಿನ ಮೇಲೆ ಪ್ರಭುತ್ವವನ್ನು ಪಡೆದರು. 1763ರಲ್ಲಿ ಹೈದರನು ಬಿದನೂರನ್ನು ಗೆಲ್ಲುವವರೆಗೂ ಆ ಪ್ರಭುತ್ವವು ನಡೆಯಿತು. ಮತಗಳ ನಡುವಣ ಈ ಹೋಗುಬರುವಿಗೆ ಕವಿಯೊಬ್ಬನೂ ನಿದರ್ಶನ. ಹದಿನಾರನೆಯ ಶತಮಾನದಲ್ಲಿ ಭರತೇಶವೈಭವವನ್ನು ಸಾಂಗತ್ಯದಲ್ಲಿ ಹಾಡಿದ ರತ್ನಾಕರವರ್ಣಿಯು ಈ ಊರಿನವನು. ಅವನು ಮಠದೊಡನೆ ಮುನಿದು ಕೆಲವು ಕಾಲ ವೀರಶೈವನಾಗಿದ್ದು, ಮರಳಿ ಜೈನನಾದನೆಂದು ಐತಿಹ್ಯವುಂಟು.

ಇನ್ನು ಮುಖ್ಯವಾದ ಮಾತು. ಇಲ್ಲಿಯ ಗುರುಬಸದಿಯಲ್ಲಿ ಷಟ್ಖಂಡಾಗಮ, ಅದರ ಮೇಲೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ರಚಿಸಿದ ಧವಲಾ ಟೀಕೆ, ಜಯಧವಲ, ಮಹಾಧವಲ ಎಂಬ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳಿರುವುವು. ಭಾಷೆ ಪ್ರಾಕೃತ, ಸಂಸ್ಕೃತ, ಲಿಪಿ ಹಳಗನ್ನಡ. ದಿಗಂಬರರ ಈ ಮೂಲಾಗಮವು ಮತ್ತೆಲ್ಲಿಯೂ ಉಳಿಯದೆ ಇದೊಂದೇ ಊರಿನಲ್ಲಿ ಉಳಿದಿತ್ತು. ಯಾತ್ರಿಕರು ದೂರದಿಂದ ಬಂದು ಓಲೆಗಳಿಗೆ ಕೈಮುಗಿದು ಹೋಗುತ್ತಿದ್ದರು. ಓದುವವರು ಮಾತ್ರ ವಿರಳರಾದರು. ಪೂಜೆಯು ನಡೆಯಿತು, ಪಾಠವು ನಿಂತಿತು. ಇತ್ತ ಓಲೆಗಳು ನುಸಿಗೂ ತೇವಕ್ಕೂ ಸವೆಯುತ್ತಿದ್ದುವು.

1896ರಲ್ಲಿ ಬ್ರಹ್ಮಸೂರಿ ಶಾಸ್ತ್ರಿಗಳು, ಗಜಪತಿ ಶಾಸ್ತ್ರಿಗಳು ಪ್ರತಿ ಮಾಡುವ ಕಾರ್ಯಕ್ಕೆ ಕೈಹಾಕಿದರು. ಆದರೆ ಪ್ರತಿಯು ಊರಿನ ಹೊರಗೆ ಹೋಗಕೂಡದೆಂಬುದು ಅಂದಿನ ಕಟ್ಟಾಗಿತ್ತು. ಗಜಪತಿ ಶಾಸ್ತ್ರಿಗಳು ತಮ್ಮ ಪತ್ನಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಕನ್ನಡದಲ್ಲಿ ಬರೆದರು. ಅದು ಉತ್ತರದೇಶದ ಸಹಾರಣಪುರವನ್ನು ಸೇರಿ, ಅಲ್ಲಿಂದ ಪ್ರತಿಗಳು ಹರಡಿದುವು. 1939ರಲ್ಲಿ ಪ್ರೊಫೆಸರ್ ಹೀರಾಲಾಲ ಜೈನರು ಧವಲೆಯ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದರು. ಕಡೆಗೆ ಮೂಲದ ಓಲೆಗಳೊಡನೆ ತಾಳೆ ನೋಡಲು ಮಠವೇ ಅನುಮತಿಯನ್ನಿತ್ತಿತು. 1958ರ ವೇಳೆಗೆ ಹದಿನಾರು ಸಂಪುಟಗಳು ಪೂರ್ತಿಯಾದುವು.

ಇಲ್ಲಿ ತಪ್ಪು ಯಾರದು, ಒಪ್ಪು ಯಾರದು ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ಬಾಗಿಲನ್ನು ಮುಚ್ಚಿ ಕಾದವರಿಲ್ಲದಿದ್ದರೆ ಪ್ರತಿ ಮಾಡಲು ಓಲೆಯೇ ಇರುತ್ತಿರಲಿಲ್ಲ. ಬಾಗಿಲನ್ನು ತೆರೆದವರಿಲ್ಲದಿದ್ದರೆ ಓಲೆಯೊಡನೆ ಅರ್ಥವೂ ಪುಡಿಯಾಗುತ್ತಿದ್ದಿತು. ಗುಟ್ಟಿನ ಪ್ರತಿಯು ವಿಶ್ವಾಸಭಂಗವೆಂಬುದೂ ದಿಟವೇ. ಆದರೆ ಅನುಮತಿಯು ಸಕಾಲದಲ್ಲಿ ದೊರೆತಿದ್ದರೆ ಗುಟ್ಟಿನ ಆವಶ್ಯಕತೆಯೇ ಬೀಳುತ್ತಿರಲಿಲ್ಲ. 2013ರಲ್ಲಿ ಅದೇ ಬಸದಿಯಿಂದ ಬೆಲೆಬಾಳುವ ಬಿಂಬಗಳು ಕಳುವಾದುವು. ರತ್ನವನ್ನು ಕಳ್ಳನು ಒಯ್ಯಬಲ್ಲನು. ಸಾವಿರ ಮನೆಗಳಿಗೆ ಹಂಚಿದ ಗ್ರಂಥವನ್ನು ಯಾವ ಕಳ್ಳನು ಒಯ್ದಾನು?

ಊರಿನ ಬಾಳೂ ಬದಲಾಗಿರುವುದು. 1974ರ ಭೂಸುಧಾರಣೆಯಿಂದ ಗೇಣಿದಾರರು ಭೂಮಿಗೆ ಒಡೆಯರಾದರು, ಉತ್ತವನಿಗೆ ನ್ಯಾಯವಾಯಿತು. ಗೇಣಿಯ ಅಕ್ಕಿಯಿಂದ ನಡೆಯುತ್ತಿದ್ದ ದೀಪನೈವೇದ್ಯಗಳ ಭಾರವು ಭಕ್ತರ ಕೈಗೆ ಬಂದಿತು. ಮನೆಯಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ನುಡಿಯುವ ಜನರು ಕಡಲಕೆರೆಯ ಕಂಬಳಕ್ಕೆ ಒಟ್ಟಾಗಿ ಸೇರುವರು. ವಿದ್ಯಾಲಯಗಳಿಗೆ ದೂರದೂರದ ಮಕ್ಕಳು ಬರುವರು. ಸೆಟ್ಟಿಗಳ ಊರು ಇಂದು ವಿದ್ಯಾರ್ಥಿಗಳ ಊರಾಗಿರುವುದು.

ಶರಣರೇ, ಪ್ರತಿಯೊಂದು ಮಠದಲ್ಲಿಯೂ ಗಂಟು ಕಟ್ಟಿದ ಓಲೆಗಳಿರಬಹುದು. ಅವಕ್ಕೆ ವಿಭೂತಿ ಪುಷ್ಪಗಳನ್ನು ಏರಿಸುವುದು ಒಳ್ಳೆಯದೇ. ಆದರೆ ವರ್ಷಕ್ಕೊಮ್ಮೆಯಾದರೂ ಗಂಟನ್ನು ಬಿಚ್ಚಿ, ಬಿಸಿಲು ತೋರಿಸಿ, ಎಣ್ಣೆ ಸವರಿ, ಒಬ್ಬ ಹುಡುಗನಿಗಾದರೂ ಓದುವುದನ್ನು ಕಲಿಸಿದರೆ ಆ ಪೂಜೆಯು ಪೂರ್ಣವಾಗುವುದು.