ಮೇಲ್ಪಂಕ್ತಿ ಹಾಕುವವರು ಯಾರು?



ಶಾಲೆಯಲ್ಲಿ ಮೇಷ್ಟರು ಹಾಳೆಯ ಮೊದಲ ಸಾಲನ್ನು ದುಂಡಗೆ ಬರೆದುಕೊಡುತ್ತಿದ್ದರು. ಅದನ್ನು ನೋಡಿ ನಾವು ಕೆಳಗೆಲ್ಲ ಬರೆಯಬೇಕು. ಆ ಸಾಲೇ ಮೇಲ್ಪಂಕ್ತಿ. 'ಮೇಲ್ಪಂಕ್ತಿ ಹಾಕಿಕೊಟ್ಟರು' ಎಂದು ದೊಡ್ಡವರನ್ನು ಹೊಗಳುತ್ತೇವೆ. ಆದರೆ ಮಕ್ಕಳು ನಾಲ್ಕನೆಯ ಸಾಲಿನ ಹೊತ್ತಿಗೆ ಮೇಷ್ಟರ ಅಕ್ಷರ ಬಿಟ್ಟು ತಮ್ಮದೇ ಹಿಂದಿನ ಸಾಲು ನೋಡಿ ಬರೆಯುತ್ತಾರೆ. ತಪ್ಪು ಇಳಿಯುತ್ತಾ ಬೆಳೆಯುತ್ತದೆ. ವರದಕ್ಷಿಣೆ ಬೆಳೆದದ್ದೂ ಹೀಗೆಯೇ.

ಹಿಂದೆ ನಮ್ಮ ಸೀಮೆಯ ಅನೇಕ ಒಕ್ಕಲು ಜಾತಿಗಳಲ್ಲಿ ಗಂಡಿನವರೇ ತೆರ ಕೊಡುತ್ತಿದ್ದರು. ಅದೂ ಹೆಣ್ಣಿಗೆ ಬೆಲೆ ಕಟ್ಟುವುದೇ, ಹೊಗಳಬೇಕಾಗಿಲ್ಲ. ಆದರೆ ಹೆಣ್ಣು ಹೆತ್ತ ತಪ್ಪಿಗೆ ಹೊಲ ಮಾರಬೇಕಾಗಿರಲಿಲ್ಲ. ಮೇಲ್ಜಾತಿಗಳಲ್ಲಿ ಓದಿದ, ನೌಕರಿಯಲ್ಲಿದ್ದ ಗಂಡುಗಳಿಗೆ ದುಡ್ಡು ಕೊಡುವುದು ಬಂತು. ಉಳಿದವರು ಅದನ್ನೇ ನೋಡಿ ಬರೆದುಕೊಂಡರು. ಕೆಳಗಿನವರು ಮೇಲಿನವರ ಆಚಾರ ಅನುಕರಿಸುವುದನ್ನು ಎಂ.ಎನ್. ಶ್ರೀನಿವಾಸ್ ಕೊಡಗಿನ ಬಗೆಗಿನ ತಮ್ಮ 1952ರ ಪುಸ್ತಕದಲ್ಲಿ 'ಸಂಸ್ಕೃತೀಕರಣ' ಎಂದು ಕರೆದರು. ನಮ್ಮ ಹಳ್ಳಿಯಲ್ಲಿ ಅದಕ್ಕೆ 'ಸರೀಕರ ಮುಂದೆ ತಲೆ ತಗ್ಗಿಸಬಾರದು' ಎನ್ನುತ್ತಾರೆ. ಹುಣಸೂರು, ಪಿರಿಯಾಪಟ್ಟಣ, ಹೆಚ್.ಡಿ. ಕೋಟೆ, ಕೆ.ಆರ್. ನಗರಗಳಲ್ಲಿ ಹೊಗೆಸೊಪ್ಪಿನ ಹರಾಜಿನ ದುಡ್ಡು ಬಂದರೆ ಅದರಲ್ಲಿ, ಬರದಿದ್ದರೆ ಸಾಲದಲ್ಲಿ.

ನನ್ನ ಕಥೆ ಹೇಳುತ್ತೇನೆ. ಪಕ್ಕದ ಮನೆಯವರು ಅಳಿಯನಿಗೆ ಸ್ಕೂಟರ್ ಕೊಟ್ಟರೆಂದು ಅಪ್ಪ ನನ್ನ ಗಂಡನಿಗೂ ಕೊಟ್ಟರು. ತಂಗಿಯ ಮದುವೆಗೆ ನನ್ನ ಮದುವೆಯೇ ಮೇಲ್ಪಂಕ್ತಿಯಾಯಿತು. 'ದೊಡ್ಡವಳಿಗೆ ಕೊಟ್ಟಿರಲ್ಲ, ಚಿಕ್ಕವಳಿಗೆ ಯಾಕೆ ಕಮ್ಮಿ?' ಎಂದರು ಗಂಡಿನವರು. ಬಾಕಿ ಹಣಕ್ಕಾಗಿ ಏಟು ತಿಂದು, ಒಂದು ರಾತ್ರಿ ಅವಳು ಕೂಸನ್ನೆತ್ತಿಕೊಂಡು ನನ್ನ ಬಾಗಿಲಿಗೆ ಬಂದಳು. ನಾನು ಹೇಳಿದ ಮೊದಲ ಮಾತು: 'ಹೊಂದಿಕೊಂಡು ಹೋಗವ್ವ.' ಅವ್ವ ನನಗೆ ಹೇಳಿದ್ದ ಮಾತು ಅದು. ಅರ್ಥ ನೋಡದೆ ನಕಲು ಮಾಡಿದ್ದೆ. ಬೆಳಿಗ್ಗೆ ವಾಪಸು ಕಳಿಸಿದೆ. ಎರಡನೆಯ ಸಲ ಬಂದಾಗ ಅವಳ ಕೈ ಮುರಿದಿತ್ತು. ಆಗ ಕಳಿಸಲಿಲ್ಲ. ಈಗ ಅವಳು ಹೊಲಿಗೆ ಮಾಡಿ ಮಗಳನ್ನು ಓದಿಸುತ್ತಿದ್ದಾಳೆ.

ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧವೆಂದು 1961ರ ಕಾಯಿದೆ ಹೇಳುತ್ತದೆ. ಹಿಂಸೆಯಿಂದ ರಕ್ಷಣೆಗೆ 2005ರ ಕಾಯಿದೆಯಿದೆ. 181ಕ್ಕೆ ಫೋನ್ ಮಾಡಬಹುದು. ಆದರೆ ಕಾನೂನಿಗಿಂತ ಮೊದಲು ಅವಳು ತಟ್ಟುವುದು ನಮ್ಮ ಬಾಗಿಲನ್ನು.

ಒಳ್ಳೆಯ ಮೇಲ್ಪಂಕ್ತಿಯೂ ನಮ್ಮಲ್ಲಿದೆ. 1966ರಲ್ಲಿ ಕುವೆಂಪು ಮಗನ ಮದುವೆಯನ್ನು ಮಂತ್ರಮಾಂಗಲ್ಯದಿಂದ ಸರಳವಾಗಿ ನಡೆಸಿದರು. ಅಷ್ಟು ದೊಡ್ಡವರೇ ಆಗಬೇಕಿಲ್ಲ. ಬಾಗಿಲು ತೆಗೆದು 'ಒಳಗೆ ಬಾ' ಎನ್ನಿ. ಪಕ್ಕದ ಮನೆಯವರು ಅದನ್ನೂ ನೋಡುತ್ತಾರೆ.