ಬಾರಿನ ಬಾಗಿಲಲ್ಲಿ ಜೋಳಿಗೆ

(ಕಿರಂಗೂರಿನಲ್ಲಿ ನಡೆದ ತಿಂಗಳ ಶರಣ ಸಂಗಮದಲ್ಲಿ ಆಡಿದ ಮಾತುಗಳ ಬರಹ ರೂಪ)



ಈ ತಿಂಗಳು ನನಗೆ ಕೊಟ್ಟಿರುವ ವಿಷಯ ದಾಸೋಹ. ನಾಲ್ಕು ವಚನ ಹೇಳಿ, ಅರ್ಥ ಬಿಡಿಸಿ ಕೂತುಬಿಡಬಹುದಿತ್ತು. ಆದರೆ ನಮ್ಮೂರಲ್ಲೇ ದಾಸೋಹದ ಪ್ರಶ್ನೆ ಎದ್ದು ನಿಂತಿರುವಾಗ ಅದನ್ನು ಬಿಟ್ಟು ಬೇರೆ ಮಾತಾಡುವುದು ಸರಿ ಕಾಣಲಿಲ್ಲ.

ವಿಷಯ ನಿಮಗೆಲ್ಲ ಗೊತ್ತು. ಕೂಲಿ ಮಾಡಿ ಇಬ್ಬರು ಮಕ್ಕಳನ್ನು ಓದಿಸುತ್ತಿರುವ ನಮ್ಮೂರ ತಂಗಿಗೆ ಎರಡೂ ಮೂತ್ರಪಿಂಡ ಕೈಕೊಟ್ಟಿವೆ. ವಾರಕ್ಕೆ ಎರಡು ಸಲ ಮೈಸೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಡಯಾಲಿಸಿಸ್‌ಗೆ ದುಡ್ಡಿಲ್ಲ, ನಿಜ. ಹೋಗಿಬರುವ ಆಟೋಗೆ, ಇಂಜೆಕ್ಷನ್‌ಗೆ, ತಪ್ಪಿದ ಕೂಲಿಗೆ? ನಮ್ಮ ಹುಡುಗರು ಅದಕ್ಕೊಂದು ದಾರಿ ಹುಡುಕಿದ್ದಾರೆ. ಬರುವ ಶನಿವಾರ ರಾತ್ರಿ ಹೆದ್ದಾರಿ ಬದಿಯ ಬಾರೊಂದರಲ್ಲಿ ಸಹಾಯಾರ್ಥ ಕಾರ್ಯಕ್ರಮ. ಆರ್ಕೆಸ್ಟ್ರಾ ಉಂಟು, ಲಕ್ಕಿ ಡಿಪ್ ಉಂಟು. ಮಾರಿದ ಒಂದೊಂದು ಬಾಟಲಿಗೂ ಇಷ್ಟು ಅಂತ ಬಾರಿನವರು ನಿಧಿಗೆ ಕೊಡುತ್ತಾರಂತೆ. ಮದ್ಯದ ಕಂಪನಿಯವರು ಆ ತಂಗಿಯ ಫೋಟೋ ಹಾಕಿ ಫ್ಲೆಕ್ಸ್ ಮಾಡಿಸಿಕೊಡುತ್ತಾರಂತೆ. ಫ್ಲೆಕ್ಸಿನಲ್ಲಿ ನಮ್ಮ ಸಂಗಮದ ಹೆಸರೂ ಇರಲಿ ಅಂತ ಹುಡುಗರು ಕೇಳಿದ್ದಾರೆ.

ಇದನ್ನು ಕೇಳಿದ ಕೂಡಲೇ ನಮ್ಮ ಹಿರಿಯರೊಬ್ಬರು "ಶಿವಶಿವಾ" ಅಂತ ಕಿವಿ ಮುಚ್ಚಿಕೊಂಡರು. ಅದಕ್ಕೆ ಹುಡುಗನೊಬ್ಬ, "ದುಡ್ಡಿಗೆ ಎಲ್ಲಿ ಮೈಲಿಗೆ ಕಣಣ್ಣ?" ಅಂದ. ಒಳ್ಳೇ ಪ್ರಶ್ನೆ. ಐದು ಸೂತಕಗಳನ್ನೂ ಕಿತ್ತೆಸೆದ ಧರ್ಮ ನಮ್ಮದು. ಬಾರಿನ ದುಡ್ಡು ಮೈಲಿಗೆ ಅನ್ನುವುದಾದರೆ ನಾವು ಲಿಂಗ ಕಟ್ಟಿಕೊಂಡು ಬಿಟ್ಟದ್ದೇನು? ಕಲ್ಯಾಣದ ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯನವರಿದ್ದಾರೆ. ಹೆಂಡ ಮಾರುವುದೇ ಅವರ ಕಾಯಕ. ಧರ್ಮೇಶ್ವರಲಿಂಗ ಅಂಕಿತದಲ್ಲಿ ಅವರು ಬರೆದ ವಚನಗಳು ಇಂದಿಗೂ ಉಳಿದಿವೆ. ಹೆಂಡದ ಅಂಗಡಿಯಲ್ಲಿ ಕೂತೇ ತತ್ತ್ವ ಹೇಳಿದವರು ಅವರು. ಹಾಗಾಗಿ ಬಾರು ನಡೆಸುವವರನ್ನಾಗಲಿ, ಅಲ್ಲಿ ಲೋಟ ತೊಳೆಯುವ ಹುಡುಗನನ್ನಾಗಲಿ ಕೀಳಾಗಿ ಕಂಡು ಈ ಮಾತು ಆಡುತ್ತಿಲ್ಲ.

ನಮ್ಮ ದುಡ್ಡೇನು ಕಾವೇರಿಯಲ್ಲಿ ಮಿಂದು ಬಂದದ್ದಲ್ಲ. ಈ ಸೀಮೆಯವರು ಕಬ್ಬು ಬೆಳೆಯುತ್ತೇವೆ. ಮಂಡ್ಯದ ಮೈಷುಗರ್ 1933ರ ಕಾರ್ಖಾನೆ. ಆಮೇಲೆ ಸುತ್ತಮುತ್ತ ಇನ್ನೂ ಬಂದವು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿ ಎಲ್ಲಿಗೆ ಹೋಗುತ್ತದೆ? ಅದರಿಂದಲೇ ಸ್ಪಿರಿಟ್, ಆ ಸ್ಪಿರಿಟ್‌ನಿಂದಲೇ ಬಾಟಲಿ. ಕಬ್ಬಿನ ಬಿಲ್ಲು ಎಣಿಸಿಕೊಂಡ ಕೈ ನಮ್ಮದು. ಇನ್ನು ಸರ್ಕಾರಕ್ಕೆ ಅಬಕಾರಿಯಿಂದ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಮೇಲೆ ಬರುತ್ತಿದೆ. ನಮ್ಮ ಮಕ್ಕಳ ಶಾಲೆ, ಆ ತಂಗಿ ಹೋಗುವ ಆಸ್ಪತ್ರೆ, ಎಲ್ಲದರಲ್ಲೂ ಅದರ ಪಾಲಿದೆ. ನಮ್ಮ ಮಠಗಳ ದಾನಿಗಳ ಕಲ್ಲಿನಲ್ಲಿ ಅಬಕಾರಿ ಗುತ್ತಿಗೆದಾರರ ಹೆಸರು ಒಂದೂ ಇಲ್ಲ ಅಂತ ಎದೆ ಮುಟ್ಟಿಕೊಂಡು ಹೇಳಬಲ್ಲೆವೇ? ಪೂಜ್ಯರು ಕ್ಷಮಿಸಬೇಕು.

ಹಾಗಾದರೆ ಶನಿವಾರದ ಕಾರ್ಯಕ್ರಮಕ್ಕೆ ನನ್ನದೇನು ತಕರಾರು? ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯಿರಿ. ಮಾರಯ್ಯನವರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ತಂದರು. ಲಕ್ಕಮ್ಮ ಅದನ್ನು ವಾಪಸು ಸುರಿದು ಬರಲು ಹೇಳಿದರು. ಆ ಅಕ್ಕಿ ಕೊಳಕಾಗಿತ್ತೇ? ಇಲ್ಲ. ಕದ್ದದ್ದೇ? ಅದೂ ಅಲ್ಲ. ಅದು ಯಾವ ಮನಸ್ಸಿನಿಂದ ಮನೆಗೆ ಬಂತು ಅನ್ನುವುದನ್ನು ಆ ತಾಯಿ ನೋಡಿದರು. ಬಡತನದಲ್ಲಿದ್ದವರು ನೋಡಿದರು ಅನ್ನುವುದು ದೊಡ್ಡದು.

ಅದೇ ಕಣ್ಣಲ್ಲಿ ಶನಿವಾರದ ಲೆಕ್ಕ ನೋಡಿ. ಬಾಟಲಿಗೆ ಇಷ್ಟು ಅಂತ ನಿಧಿಗೆ ಬರುವುದಾದರೆ, ಜನ ಹೆಚ್ಚು ಕುಡಿದಷ್ಟೂ ನಿಧಿ ಹೆಚ್ಚು. ಒಬ್ಬಳು ಉಳಿಯಲಿ ಅಂತ ಇನ್ನೊಬ್ಬಳ ಗಂಡ ಮತ್ತೊಂದು ಬಾಟಲಿ ತೆಗೆಸಬೇಕು. ಕುಡಿದವನ ಕೈ ಧಾರಾಳ, ನಮಗೆಲ್ಲ ಗೊತ್ತು. ರಾತ್ರಿ ಹತ್ತು ಗಂಟೆಗೆ ಅವನು ಎತ್ತಿ ಕೊಡುವ ಐನೂರರ ನೋಟು ಮನೆಯ ರೇಷನ್ನಿನದು, ಮಗುವಿನ ಫೀಸಿನದು. ಕೊಟ್ಟದ್ದು ಬೆಳಿಗ್ಗೆ ಅವನಿಗೆ ನೆನಪಿರುವುದಿಲ್ಲ. ಮನೆಯಾಕೆಗೆ ನೆನಪಿರುತ್ತದೆ. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರಲ್ಲ, ಅವರಿಗಿದ್ದ ನೆನಪು ಇಂಥದ್ದೇ.

ಈ ಯೋಚನೆ ಬಂದದ್ದು ಲಂಡನ್ನಿನಲ್ಲಿರುವ ಅಣ್ಣನಿಂದ ಅಂತ ಒಬ್ಬ ಹುಡುಗ ಹೇಳಿದ. ಅಲ್ಲಿ ಪಬ್ಬುಗಳಲ್ಲಿ ಇಂಥದ್ದು ಮಾಮೂಲು, ನಿಜ. ಆದರೆ ಅಲ್ಲಿನ ಎಷ್ಟೋ ಊರುಗಳಲ್ಲಿ ಪಬ್ಬು ಅಂದರೆ ನಮ್ಮ ಅರಳಿಕಟ್ಟೆ ಇದ್ದಂತೆ. ಗಂಡ ಹೆಂಡತಿ, ಅಜ್ಜಿ, ಮಕ್ಕಳು ಕೂತು ಊಟ ಮಾಡುತ್ತಾರೆ. ಕ್ವಿಜ್ ಇಟ್ಟು ಸೇರಲು ಇಷ್ಟು ಅಂತ ದುಡ್ಡು ಕೂಡಿಸುತ್ತಾರೆ, ರ‍್ಯಾಫಲ್ ಚೀಟಿ ಮಾರುತ್ತಾರೆ, ಗಲ್ಲಾದ ಮೇಲೆ ಡಬ್ಬಿ ಇಡುತ್ತಾರೆ. ನಮ್ಮ ಸರ್ವೀಸ್ ರಸ್ತೆಯ ಬಾರಿಗೆ ಈ ಸಭೆಯ ತಾಯಂದಿರಲ್ಲಿ ಯಾರು ಹೋಗುತ್ತೀರಿ ಹೇಳಿ? ನೀವು ಕಾಲಿಡಲಾಗದ ಜಾಗದಲ್ಲಿ ನಿಮ್ಮದೇ ಓರಗೆಯ ಹೆಣ್ಣುಮಗಳ ಫೋಟೋ ನೇತಾಡಬೇಕು. ಮದ್ಯದ ಜಾಹೀರಾತಿಗೆ ಕಾನೂನಿನ ಕಟ್ಟುಪಾಡಿದೆ. ಸೋಡಾದ ಹೆಸರಲ್ಲಿ, ನೀರಿನ ಬಾಟಲಿ ಹೆಸರಲ್ಲಿ ಕಂಪನಿಗಳು ಅದನ್ನು ದಾಟುವುದನ್ನು ನೋಡಿದ್ದೇವೆ. ಈಗ ಒಬ್ಬಳ ಕಾಯಿಲೆಯ ಹೆಸರಲ್ಲಿ.

ಇಷ್ಟೆಲ್ಲ ಯೋಚಿಸಿಕೊಂಡು ನಾನು, ನನ್ನ ಮನೆಯವರು ಆ ತಂಗಿಯ ಮನೆಗೆ ಹೋದೆವು. ಅವರನ್ನು ಯಾರೂ ಕೇಳಿರಲೇ ಇಲ್ಲ ನೋಡಿ. ವಿಷಯ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ದು ಹೇಳಿದರು: "ನಮ್ಮೆಜಮಾನ್ರು ಅಂಥ ಕಡೆನೇ ಕೂತು ಜಮೀನು ಕಳದ್ರು, ಆಮೇಲೆ ಅವ್ರೂ ಹೋದ್ರು. ಆ ದುಡ್ಡು ಬ್ಯಾಡ ಅನ್ಬೇಕು ಅಂತ ಮನಸ್ಸಿಗೆ ಬರ್ತದೆ ಕಣಣ್ಣ. ಅನ್ನಕ್ಕೆ ಧೈರ್ಯ ಬರಲ್ಲ. ಮಕ್ಕಳವೆ, ಬದುಕ್ಬೇಕಲ್ಲ."

ಬಂಧುಗಳೇ, ನಾನು ಇಲ್ಲಿ ಲಕ್ಕಮ್ಮನವರ ಕಥೆ ಹೇಳಿ ಚಪ್ಪಾಳೆ ತೆಗೆದುಕೊಳ್ಳಬಹುದು. ಆ ತಂಗಿಗೆ ಮಂಗಳವಾರ ಬೆಳಿಗ್ಗೆ ಆಟೋ ಬೇಕು. ಬಾರಿನ ದುಡ್ಡು ಬೇಡ ಅನ್ನುವ ಹಕ್ಕು ನಮಗೆ ಬರಬೇಕಾದರೆ, ಅಷ್ಟು ದುಡ್ಡು ಮೊದಲು ನಮ್ಮ ಕೈಯಿಂದ ಬರಬೇಕು. ಹುಡುಗರು ಓಡಾಡಿದರು, ನಾವು ಕೂತಿದ್ದೆವು. ಓಡಾಡಿದವರನ್ನು ಕೂತವರು ಬಯ್ಯುವುದು ಸುಲಭ.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳ ಜೋಳಿಗೆ ನಿಮಗೆ ಗೊತ್ತು. ಮಠದ ಜೋಳಿಗೆ ಅಂದರೆ ಕಾಳು, ಕಾಸು ಬೀಳುವುದು. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರು ಅಂಥ ಜೋಳಿಗೆಯಿಂದಲೇ ಸಾವಿರಾರು ಮಕ್ಕಳಿಗೆ ಅನ್ನ ಕೊಟ್ಟರು. ಮಹಾಂತಪ್ಪಗಳು 1975ರಲ್ಲಿ ಹೊರಡಿಸಿದ ಜೋಳಿಗೆ ಬೇರೆ ತರಹದ್ದು. "ನಿಮ್ಮ ಚಟ ಹಾಕಿ" ಅಂತ ಕೇರಿಕೇರಿಗೆ ನಡೆದರು. ಬೀಡಿ, ಗುಟ್ಕಾ, ಕುಡಿತ ಎಲ್ಲ ಅದರೊಳಗೆ ಬಿದ್ದವು. ಅವರು ಲಿಂಗೈಕ್ಯರಾದದ್ದು 2018ರಲ್ಲಿ. ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಕುಡುಕರಿಂದ ದೂರ ನಿಂತಿದ್ದರೆ ಅವರ ಜೋಳಿಗೆ ತುಂಬುತ್ತಿರಲಿಲ್ಲ.

ಈ ಎರಡು ಜೋಳಿಗೆಯನ್ನೂ ಒಂದೇ ಮಾಡಿ ಶನಿವಾರ ಬಾರಿನ ಬಾಗಿಲಿಗೆ ಹೋಗೋಣ ಅಂತ ನನ್ನ ಸಲಹೆ. ಸಂಜೆ ಹೋಗೋಣ, ಒಳಗೆ ಹೋಗುವವರು ಎಚ್ಚರದಲ್ಲಿರುವಾಗ. ಉಪದೇಶ ಬೇಡ, ಮುಖ ಸಿಂಡರಿಸುವುದು ಬೇಡ. "ಅಣ್ಣ, ಇವತ್ತು ಒಂದು ಕ್ವಾರ್ಟರ್ ಬಿಡಿ, ಅದರ ದುಡ್ಡು ಇದಕ್ಕೆ ಹಾಕಿ" ಅಂತ ಕೈಮುಗಿದು ಕೇಳೋಣ. ಹಾಕಿದವರಿಗೆ ಶರಣು, ಹಾಕದವರಿಗೂ ಶರಣು. ಬಾರಿನ ಮಾಲೀಕರು ತಮ್ಮ ಜೇಬಿನಿಂದ, ಬಾಟಲಿ ಲೆಕ್ಕ ಇಲ್ಲದೆ, ಫ್ಲೆಕ್ಸ್ ಇಲ್ಲದೆ ಕೊಡುವುದಾದರೆ ಎಲ್ಲರಿಗೂ ಕೊಡುವ ರಸೀದಿಯನ್ನೇ ಕೊಟ್ಟು ಇಸ್ಕೊಳ್ಳೋಣ. ಮಾರಯ್ಯನವರನ್ನು ಶರಣ ಅಂದವರು ಇವರನ್ನು ಹೊರಗಿಡಲಾಗದು.

ಆರ್ಕೆಸ್ಟ್ರಾ ಬಿಡಬೇಡಿ ಮಕ್ಕಳೇ. ಪಂಚಾಯಿತಿಯನ್ನು ಕೇಳಿ ಭಾನುವಾರ ಬನ್ನಿಮಂಟಪದ ಹತ್ತಿರ ಮಾಡೋಣ. ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಹೊರಡುವ ಜಾಗ, ಜನ ಸೇರಿ ಅಭ್ಯಾಸ ಇದೆ. ತಾಯಂದಿರು ರೊಟ್ಟಿ, ಹೋಳಿಗೆ ಮಾಡಿ ಮಾರಲಿ. ಮನೆಮಂದಿಯೆಲ್ಲ ಬರಬಹುದು. ಇನ್ನೊಂದು ಕಹಿ ಮಾತು. ನಮ್ಮ ಮದುವೆಗಳ ಹಿಂದಿನ ರಾತ್ರಿ ತೋಟದ ಮನೆಯಲ್ಲಿ ಏನು ನಡೆಯುತ್ತದೆ ಅಂತ ನಮಗೆಲ್ಲ ಗೊತ್ತು. ವಿಭೂತಿ ಹಚ್ಚಿದವರೇ ಅದರ ಬಿಲ್ಲು ಕಟ್ಟುತ್ತಾರೆ. ಈ ವರ್ಷ ಮದುವೆ ಇರುವ ಮನೆಯವರು ಆ ಒಂದು ರಾತ್ರಿಯ ಖರ್ಚನ್ನು ಜೋಳಿಗೆಗೆ ಹಾಕಿದರೆ ಬಾರಿನ ಹತ್ತು ಶನಿವಾರಕ್ಕೆ ಸಮ.

ಅಷ್ಟಾದರೂ ಇದು ಒಂದು ರಾತ್ರಿಯಲ್ಲಿ ಮುಗಿಯುವ ಕೆಲಸ ಅಲ್ಲ. ಎಲ್ಲಿ ಕೂಡಿಸಿದ ದುಡ್ಡೇ ಆಗಲಿ, ಕೆಲವು ತಿಂಗಳಿಗೆ ಕರಗುತ್ತದೆ. ಡಯಾಲಿಸಿಸ್ ಕರಗುವುದಿಲ್ಲ. ನಮ್ಮ ಅಜ್ಜಿಯಂದಿರು ದಿನಾ ಒಲೆ ಹಚ್ಚುವ ಮುಂಚೆ ಮಠದ ಮಡಕೆಗೆ ಒಂದು ಹಿಡಿ ಅಕ್ಕಿ ಹಾಕುತ್ತಿದ್ದರು. ಹಾಗೆ ಮನೆಗೊಂದು ಡಬ್ಬಿ ಇಡೋಣ, ತಿಂಗಳ ಸಂಗಮಕ್ಕೆ ತನ್ನಿ, ಇಲ್ಲೇ ಎಣಿಸಿ ಲೆಕ್ಕವನ್ನು ಈ ಬೋರ್ಡಿನ ಮೇಲೆ ಬರೆಯೋಣ. ಆ ತಂಗಿಯ ಹೆಸರು, ಫೋಟೋ ಎಲ್ಲೂ ಬೇಡ.

ಇನ್ನು ಆಟೋ ಖರ್ಚು. ಈ ಸಭೆಯ ಹೊರಗೆ ನಿಂತಿರುವ ಕಾರುಗಳನ್ನು ಬರುವಾಗ ಎಣಿಸಿದೆ, ಹದಿನಾಲ್ಕು ಇವೆ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಆರೂವರೆಗೆ ಹೊರಡಬೇಕು, ಮಧ್ಯಾಹ್ನ ಕರೆತರಬೇಕು. ಸರದಿ ಹಾಕಿದರೆ ಒಬ್ಬರಿಗೆ ಏಳು ವಾರಕ್ಕೊಂದು ಸಲ ಬರುತ್ತದೆ. ಬಾಗಿಲ ಹತ್ತಿರ ಪುಸ್ತಕ ಇಟ್ಟಿದ್ದೇನೆ, ಹೋಗುವಾಗ ಹೆಸರು ಬರೆಯಿರಿ. ನಾಡಿದ್ದಿನ ಮಂಗಳವಾರ ನನ್ನದು.